ಡ್ವಾರ್ಫ್ ಸಿಕ್ಲಿಡ್ ಮರಿ ಮಾಡಿಸುವ ಸಾಮಾನು: ಯಾವುದು ದುಡ್ಡಿಗೆ ತಕ್ಕದ್ದು, ಯಾವುದು ದಂಡ

ಡ್ವಾರ್ಫ್ ಸಿಕ್ಲಿಡ್ ಎಂಬ ಪುಟ್ಟ ಅಕ್ವೇರಿಯಂ ಮೀನುಗಳಿಂದ ಮೊಟ್ಟೆ ಇಡಿಸುವುದು ದೊಡ್ಡ ವಿದ್ಯೆಯೇನಲ್ಲ. ಆರೋಗ್ಯವಾದ ಒಂದು ಜೋಡಿ, ಅಡಗಲು ಗೂಡು, ಎರಡು ವಾರ ಹೊಟ್ಟೆ ತುಂಬ ಜೀವಂತ ಆಹಾರ, ನಡುವೆ ಒಂದೆರಡು ಸಲ ಕೊಂಚ ತಣ್ಣಗಿನ ಮೆದು (ಗಡಸಲ್ಲದ) ನೀರು. ಇಷ್ಟು ಸಿಕ್ಕರೆ ಈ ಗುಂಪಿನ ಕಾಕಟೂ ಅಪಿಸ್ಟೊ (ಅಪಿಸ್ಟೊಗ್ರಾಮಾದ ಚುಟುಕು ಹೆಸರು) ಆಗಲಿ, ಕ್ರಿಬೆನ್ಸಿಸ್ ಆಗಲಿ ತಾನಾಗಿ ಮೊಟ್ಟೆ ಇಡುತ್ತದೆ. ಕಷ್ಟ ಶುರುವಾಗುವುದು ಮರಿ ಈಜಲು ತೊಡಗಿದ ದಿನ. ತಾಯಿಯ ಹಿಂದೆ ಮೋಡದ ಹಾಗೆ ತೇಲುತ್ತಿದ್ದ ಎಪ್ಪತ್ತು ಮರಿಗಳು ಹತ್ತು ದಿನ ಕಳೆಯುವಷ್ಟರಲ್ಲಿ ಏಳಾಗಿರುತ್ತವೆ, ಸತ್ತ ಮರಿ ಒಂದೂ ಕಣ್ಣಿಗೆ ಬಿದ್ದಿರುವುದಿಲ್ಲ.

ಅದಕ್ಕೇ ಇಲ್ಲಿ ಪ್ರತಿ ಸಾಮಾನಿಗೂ ಕೇಳಿರುವ ಪ್ರಶ್ನೆ ಒಂದೇ: ಇದು ಟ್ಯಾಂಕಿನಲ್ಲಿದ್ದರೆ ಮೂವತ್ತನೇ ದಿನ ಹೆಚ್ಚು ಮರಿ ಉಳಿಯುತ್ತವೆಯೇ? ಡಬ್ಬದ ಮೇಲೆ ‘ಬ್ರೀಡಿಂಗ್‌ಗೆ’ ಎಂದು ಬರೆದಿರುವ ಅರ್ಧಕ್ಕರ್ಧ ಸಾಮಾನು ಈ ಪ್ರಶ್ನೆಗೆ ಉತ್ತರ ಕೊಡಲಾರದೆ ಬಿದ್ದುಹೋಗುತ್ತದೆ. ಲೆಕ್ಕಕ್ಕೆ ಇಟ್ಟುಕೊಂಡಿರುವ ಟ್ಯಾಂಕ್ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ್ದು. ಅಂಚಿನವರೆಗೆ ತುಂಬಿದರೆ 54 ಲೀಟರ್. ಮರಳು, ಬೇರು, ಗೂಡು ಎಲ್ಲ ಇಟ್ಟ ಮೇಲೆ 45 ಲೀಟರ್ ಆಸುಪಾಸು. ಒಂದು ಅಪಿಸ್ಟೊ ಜೋಡಿಗೆ ಇಷ್ಟು ಸಾಕು. ಎತ್ತರ ಹೆಚ್ಚಿಸಿ ಲೀಟರ್ ಏರಿಸಿದರೆ ಪ್ರಯೋಜನವಿಲ್ಲ. ಈ ಮೀನುಗಳು ಬದುಕುವುದು ತಳದಲ್ಲಿ, ಅವಕ್ಕೆ ಬೇಕಾದ್ದು ನೆಲ.

ಸ್ಪಂಜ್ ಫಿಲ್ಟರ್

ಮೊದಲ ಅಂಕ ಇದಕ್ಕೆ. ಏರ್ ಪಂಪಿನ ಗಾಳಿಯಿಂದ ನಡೆಯುವ, ಎರಡು ಸ್ಪಂಜ್ ಇರುವ ಮಾದರಿ. ನೋಡಲು ಏನೇನೂ ಚೆಂದವಿಲ್ಲ, ಟ್ಯಾಂಕಿನ ಒಂದು ಮೂಲೆ ನುಂಗುತ್ತದೆ, ಗುಳುಗುಳು ಸದ್ದು ಬೇರೆ. ಆದರೂ ಮರಿ ಟ್ಯಾಂಕಿಗೆ ಇದನ್ನು ಮೀರಿಸುವ ಫಿಲ್ಟರ್ ಇಲ್ಲ.

ಕಾರಣ ಅದರ ರಚನೆಯಲ್ಲೇ ಇದೆ. ಗಾಳಿಯ ಗುಳ್ಳೆ ಕೊಳವೆಯೊಳಗೆ ಮೇಲೇರುವಾಗ ನೀರನ್ನೂ ಜೊತೆಗೆ ಎತ್ತುತ್ತದೆ, ಆ ಜಾಗ ತುಂಬಲು ನೀರು ಸ್ಪಂಜಿನ ಎಲ್ಲ ಮುಖದಿಂದಲೂ ನಿಧಾನವಾಗಿ ಒಳಗೆ ಬರುತ್ತದೆ. ಸೆಳೆತ ಇಡೀ ಸ್ಪಂಜಿಗೆ ಹಂಚಿಹೋಗುವುದರಿಂದ ಯಾವ ಒಂದು ಬಿಂದುವಿನಲ್ಲೂ ಮರಿಯನ್ನು ಎಳೆದುಕೊಳ್ಳುವಷ್ಟು ಬಲವಿರುವುದಿಲ್ಲ. ನಾಲ್ಕಾರು ವಾರ ಓಡಿದ ಸ್ಪಂಜಿನ ಹತ್ತಿರ ಕಣ್ಣಿಟ್ಟು ನೋಡಿದರೆ ಇನ್ನೊಂದು ಲಾಭ ಕಾಣುತ್ತದೆ: ಈಜಲು ಕಲಿತು ಎರಡು ದಿನವಾದ ಮರಿಗಳು ತಲೆ ಕೆಳಗೆ ಮಾಡಿ ಸ್ಪಂಜಿನ ಮೈಯನ್ನು ಚುಚ್ಚಿ ಚುಚ್ಚಿ ಮೇಯುತ್ತಿರುತ್ತವೆ. ಸ್ಪಂಜಿನ ಮೇಲೆ ಕಟ್ಟಿಕೊಂಡಿರುವ ಪಾಚಿ, ಬ್ಯಾಕ್ಟೀರಿಯಾದ ಲೋಳೆ, ಅದರಲ್ಲಿ ಸೇರಿಕೊಂಡ ಸೂಕ್ಷ್ಮಜೀವಿ ಎಲ್ಲವೂ ಅವಕ್ಕೆ ಊಟ. ನಾವು ಊಟ ಕೊಡುವ ಎರಡು ಹೊತ್ತಿನ ನಡುವೆ ಮರಿಯ ಹೊಟ್ಟೆ ಖಾಲಿ ಬೀಳದಂತೆ ನೋಡಿಕೊಳ್ಳುವುದು ಈ ಮೇವು.

ಕೊಳ್ಳುವಾಗ ನೋಡಬೇಕಾದ್ದು ರಂಧ್ರದ ಗಾತ್ರ. ಇಂಚಿಗೆ 30 ರಂಧ್ರದ ಸ್ಪಂಜು ಹೆಚ್ಚಿನವರಿಗೆ ಸರಿ. 45ರಷ್ಟು ನುಣುಪಾದದ್ದು ನೀರನ್ನು ಚೆನ್ನಾಗಿ ಸೋಸುತ್ತದೆ ನಿಜ, ಆದರೆ ದಿನಕ್ಕೆ ಎರಡು ಮೂರು ಸಲ ಆರ್ಟೀಮಿಯಾ (ಮರಿಗಳಿಗೆ ಜೀವಂತ ಊಟವಾಗುವ, ಸೀಗಡಿಯಂಥ ಉಪ್ಪುನೀರಿನ ಸಣ್ಣ ಜೀವಿ) ಸುರಿಯುವ ಟ್ಯಾಂಕಿನಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಸ್ಪಂಜಿನ ಗುರುತು ಸುಲಭ: ಗುಳ್ಳೆ ಮೊದಲಿನಷ್ಟೇ ಬರುತ್ತಿದ್ದರೂ ಕೊಳವೆಯ ಬಾಯಿಂದ ಹೊರಬೀಳುವ ನೀರಿನ ಅಲೆ ಸತ್ತಿರುತ್ತದೆ. 20ಕ್ಕಿಂತ ಒರಟಾದ ಸ್ಪಂಜು ಬೇಡ, ಸಣ್ಣ ಮರಿ ರಂಧ್ರದೊಳಕ್ಕೆ ಇಳಿಯಬಹುದು. ಅಗ್ಗದ ಮಾದರಿಗಳಲ್ಲಿ ಸ್ಪಂಜು ಮತ್ತು ಪ್ಲಾಸ್ಟಿಕ್ ಕೊಳವೆಯ ಮಧ್ಯೆ ಸಂದು ಉಳಿದಿರುತ್ತದೆ. ಬೆರಳಿನಿಂದ ಸ್ಪಂಜನ್ನು ಪಕ್ಕಕ್ಕೆ ಒತ್ತಿ ನೋಡಿ; ಕೊಳವೆಯ ತೂತು ಕಂಡರೆ ಮರಿ ಅಲ್ಲಿಂದ ಒಳಹೋಗುತ್ತದೆ. ಗಾಜಿಗೆ ಅಂಟುವ ರಬ್ಬರ್ ಬಟ್ಟಲಿನ ಮಾದರಿಗಿಂತ ತಳದಲ್ಲಿ ಭಾರವಿರುವ ಮಾದರಿ ಮೇಲು. ರಬ್ಬರು ಕೆಲ ತಿಂಗಳಲ್ಲಿ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಆಮೇಲೆ ಒಂದು ರಾತ್ರಿ ಫಿಲ್ಟರ್ ತೇಲಿ ಮೇಲೆ ಬಂದು ಅಡ್ಡ ಬಿದ್ದಿರುತ್ತದೆ.

ಸದ್ದಿಗೆ ಮದ್ದಿದೆ. ಗಾಳಿಯ ನಳಿಕೆಯ ತುದಿಯನ್ನು ಬರಿದೇ ಬಿಟ್ಟರೆ ದೊಡ್ಡ ದೊಡ್ಡ ಗುಳ್ಳೆ ಎದ್ದು ಗುಳುಂ ಗುಳುಂ ಎನ್ನುತ್ತದೆ. ಅದೇ ತುದಿಗೆ ಪುಟ್ಟ ಏರ್ ಸ್ಟೋನ್ ಸಿಕ್ಕಿಸಿ ಕೊಳವೆಯೊಳಗೆ ಇಳಿಸಿದರೆ ಗುಳ್ಳೆ ಸಣ್ಣದಾಗಿ ಸದ್ದು ಅಡಗುತ್ತದೆ, ಅಷ್ಟೇ ಗಾಳಿಗೆ ಹೆಚ್ಚು ನೀರೂ ಮೇಲೇರುತ್ತದೆ. ಗಾಳಿಯ ಪ್ರಮಾಣಕ್ಕೆ ಒಂದು ವಾಲ್ವ್ ಇರಲೇಬೇಕು. ನೀರು ತೆಳುವಾಗಿ ಮಗುಚುತ್ತಿರಬೇಕು, ಮರಿ ತಿರುಗಣಿಗೆ ಸಿಕ್ಕಂತೆ ಸುತ್ತಬಾರದು. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ನಳಿಕೆಯ ನಡುವೆ ಚೆಕ್ ವಾಲ್ವ್ ಹಾಕಲೇಬೇಕು. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿದು ಪಂಪಿನೊಳಕ್ಕೂ, ಅಲ್ಲಿಂದ ನೆಲಕ್ಕೂ ಇಳಿಯುತ್ತದೆ.

ಹೊಸ ಸ್ಪಂಜನ್ನು ಮರಿ ಟ್ಯಾಂಕಿಗೆ ನೇರವಾಗಿ ಇಳಿಸುವುದು ಅತಿ ಸಾಮಾನ್ಯ ತಪ್ಪು. ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮರಿ ಆಗುವ ಮುನ್ನವೇ ಅದನ್ನು ಮೀನು ತುಂಬಿದ ಇನ್ನೊಂದು ಟ್ಯಾಂಕಿನಲ್ಲಿ ಓಡಿಸಿಟ್ಟಿದ್ದರೆ ಈ ಕಾಯುವಿಕೆ ತಪ್ಪುತ್ತದೆ. ತೊಳೆಯುವುದು ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ, ಹಿಂಡಿ ಹಿಂಡಿ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಜೋಡಿ ಸ್ಪಂಜಿನ ನಿಜವಾದ ಬೆಲೆ ತಿಳಿಯುವುದು ಇಲ್ಲೇ: ಈ ವಾರ ಒಂದನ್ನು ಹಿಂಡಿದರೆ ಎರಡು ವಾರ ಬಿಟ್ಟು ಇನ್ನೊಂದನ್ನು. ಎರಡನ್ನೂ ಒಂದೇ ದಿನ ತೊಳೆದು, ಎರಡು ದಿನ ಬಿಟ್ಟು ಮರಿ ಸತ್ತವೆಂದು ನೀರಿನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಹಿಂಡುವ ಮುಂಚೆ ಸ್ಪಂಜಿನ ಮೇಲೆ ಮೇಯುತ್ತಿರುವ ಮರಿಗಳನ್ನು ಬೆರಳಿನಿಂದ ಓಡಿಸಲು ಮರೆಯಬಾರದು. ಸ್ಪಂಜನ್ನು ನೀರಿನಿಂದ ಎತ್ತುವಾಗ ಅದರ ಕೆಳಗೊಂದು ಪ್ಲಾಸ್ಟಿಕ್ ಚೀಲ ಹಿಡಿದರೆ ಕೊಳೆ ಟ್ಯಾಂಕಿನಲ್ಲಿ ಚೆಲ್ಲುವುದಿಲ್ಲ.

ಹೋಲಿಕೆಗೆ, ಹಿಂಬದಿಗೆ ತೂಗುಹಾಕುವ ಫಿಲ್ಟರ್ ದೊಡ್ಡ ಮೀನಿಗೆ ಒಳ್ಳೆಯದೇ. ಮರಿಗಳಿರುವಲ್ಲಿ ಅದರ ಹೀರುಬಾಯಿಗೆ ಸ್ಪಂಜು ತೊಡಿಸದೆ ಓಡಿಸುವಂತಿಲ್ಲ. ತೊಡಿಸಿದ ಮೇಲೂ ಸೆಳೆತವೆಲ್ಲ ಒಂದೇ ಅಂಗೈಯಷ್ಟು ಜಾಗದಲ್ಲಿ ಉಳಿಯುತ್ತದೆ, ಆರ್ಟೀಮಿಯಾ ಅಲ್ಲಿಗೇ ಹೋಗಿ ಅಂಟುತ್ತದೆ. ಮರಿಗಿಂತ ಮೊದಲು ಫಿಲ್ಟರ್ ಉಂಡಂತಾಯಿತು.

ಆರ್ಟೀಮಿಯಾ ಮರಿ ಮಾಡುವ ಪಾತ್ರೆ

ಎರಡನೇ ಅಂಕ ಇದಕ್ಕೆ, ಸ್ಪಂಜಿಗಿಂತ ಒಂದು ಕೂದಲೆಳೆ ಹಿಂದೆ. ಅಪಿಸ್ಟೊ ಮರಿ ಈಜಲು ತೊಡಗಿದ ಮೊದಲ ದಿನದಿಂದಲೇ ಆಗತಾನೆ ಒಡೆದ ಆರ್ಟೀಮಿಯಾವನ್ನು ನುಂಗಬಲ್ಲದು. ಪುಡಿ ಆಹಾರ ಅಲುಗಾಡುವುದಿಲ್ಲ. ಅಲುಗಾಡದ್ದು ಈ ಮರಿಗಳ ಕಣ್ಣಿಗೆ ಊಟವೇ ಅಲ್ಲ. ಪುಡಿ ತಳಕ್ಕೆ ಬಿದ್ದು ಕೊಳೆತು ಅಮೋನಿಯಾ ಆಗುತ್ತದೆ, ಮರಿ ಹಸಿವಿನಿಂದ ಸಾಯುತ್ತದೆ. ಎಪ್ಪತ್ತು ಏಳಾಗುವ ಲೆಕ್ಕ ಬಹುಪಾಲು ಇಲ್ಲಿಯದೇ.

ಸಿಗುವ ಪಾತ್ರೆಗಳು ಎರಡು ಬಗೆ. ಮೊದಲನೆಯದು ಚಪ್ಪಟೆ ತಟ್ಟೆ: ಕಪ್ಪು ಪ್ಲಾಸ್ಟಿಕ್ಕು, ಒಳಗೆ ವೃತ್ತಾಕಾರದ ತಡೆಗೋಡೆ, ನಡುವೆ ಪುಟ್ಟ ಜರಡಿ, ಮೇಲೆ ಮುಚ್ಚಳ. ಗಾಳಿ ಬೇಡ, ಸದ್ದಿಲ್ಲ. ಮೊಟ್ಟೆಯನ್ನು ಹೊರ ಸುತ್ತಿನಲ್ಲಿ ಉದುರಿಸುತ್ತೀರಿ. ಒಡೆದು ಬಂದ ಜೀವಿಗಳು ನಡುವಿನ ಬೆಳಕನ್ನು ಹುಡುಕಿಕೊಂಡು ತಡೆಗೋಡೆಯ ಕೆಳಗೆ ನುಸುಳಿ ಜರಡಿಗೆ ಬರುತ್ತವೆ, ತೇಲುವ ಸಿಪ್ಪೆ ಹಿಂದೆಯೇ ಉಳಿಯುತ್ತದೆ. ಜರಡಿ ಎತ್ತಿದರೆ ಕಿತ್ತಳೆ ಬಣ್ಣದ ಚುಕ್ಕೆಗಳು, ಸಿಪ್ಪೆ ಬಹಳ ಕಡಿಮೆ. ಅರ್ಧ ಚಮಚಕ್ಕಿಂತ ಹೆಚ್ಚು ಮೊಟ್ಟೆ ಹಾಕಿದರೆ ಆಟ ಕೆಡುತ್ತದೆ. ಮೊಟ್ಟೆ ಒಂದರ ಮೇಲೊಂದು ಪದರ ಕಟ್ಟಿ ಕೆಳಗಿನವಕ್ಕೆ ಉಸಿರು ಸಾಲದೆ ಒಡೆಯುವುದೇ ಇಲ್ಲ. ಜೊತೆಗೆ ಎಲ್ಲವೂ ಒಟ್ಟಿಗೆ ಒಡೆಯದೆ ಎರಡು ದಿನದುದ್ದಕ್ಕೂ ಒಂದಿಷ್ಟೊಂದಿಷ್ಟು ಬರುತ್ತಿರುತ್ತವೆ. ಒಂದೇ ಮರಿಗುಂಪು ಸಾಕುವವರಿಗೆ ಇದು ದೋಷವಲ್ಲ, ಅನುಕೂಲ.

ಎರಡನೆಯದು ಶಂಕುವಿನ ಆಕಾರದ್ದು, ತಲೆಕೆಳಗಾದ ಬಾಟಲಿ. ತಳದಿಂದ ಗಾಳಿ ಬಂದು ಮೊಟ್ಟೆಗಳನ್ನು ನಿಲ್ಲಲು ಬಿಡದೆ ಕುದಿಸಿದ ಹಾಗೆ ತಿರುಗಿಸುತ್ತದೆ. ಲೀಟರ್ ನೀರಿಗೆ 25 ಗ್ರಾಂ ಉಪ್ಪು, 1ರಿಂದ 2 ಗ್ರಾಂ ಮೊಟ್ಟೆ, ಉಷ್ಣಾಂಶ 27-28 ಡಿಗ್ರಿ. ನಿಮ್ಮ ನೀರು ಮೆದುವಾಗಿದ್ದರೆ ಒಂದು ಚಿಟಿಕೆ ಅಡಿಗೆ ಸೋಡ. ಪಿಎಚ್ 8ಕ್ಕಿಂತ ಕೆಳಗಿಳಿದರೆ ಒಡೆಯುವ ಪ್ರಮಾಣ ಕುಸಿಯುತ್ತದೆ. ಅಪಿಸ್ಟೊ ಸಾಕುವವರ ಮನೆಯ ನೀರು ಮೊದಲೇ ಮೆದು, ಆದ್ದರಿಂದ ಈ ಸೋಡ ಮರೆತು ‘ಮೊಟ್ಟೆ ಕಳಪೆ’ ಎನ್ನುವವರೇ ಹೆಚ್ಚು. ಮೊಟ್ಟೆ ನೆನೆದ ಮೊದಲ ಒಂದೆರಡು ಗಂಟೆ ಬೆಳಕು ಬೀಳಲೇಬೇಕು, ಒಡೆಯುವ ಕ್ರಿಯೆಗೆ ಕಿಡಿ ಹೊತ್ತಿಸುವುದು ಬೆಳಕು. 24 ಗಂಟೆಗೆ ಹೆಚ್ಚಿನವು ಒಡೆದಿರುತ್ತವೆ. 24 ಡಿಗ್ರಿಯ ತಣ್ಣನೆಯ ಕೋಣೆಯಾದರೆ 36 ಗಂಟೆ ಬೇಕಾಗಬಹುದು.

ತೆಗೆಯುವ ಕ್ರಮಕ್ಕೆ ತಾಳ್ಮೆ ಬೇಕು. ಗಾಳಿ ನಿಲ್ಲಿಸಿ, ತಳದ ಹತ್ತಿರ ದೀಪ ಇಟ್ಟು ಹತ್ತು ನಿಮಿಷ ಬಿಟ್ಟರೆ ಕಂದು ಸಿಪ್ಪೆ ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತುದಿಯಲ್ಲಿ ಕೂರುತ್ತದೆ, ಅದರ ಮೇಲೆ ಕಿತ್ತಳೆ ಪಟ್ಟಿ. ನಲ್ಲಿ ತಿರುಗಿಸಿ ಮೊದಲು ಬರುವ ಒಂದೆರಡು ಚಮಚ ಚೆಲ್ಲಿ, ಆಮೇಲೆ ಬರುವ ಕಿತ್ತಳೆ ನೀರನ್ನು 120-150 ಮೈಕ್ರಾನಿನ ಜರಡಿಯಲ್ಲಿ ಹಿಡಿದು ಸಿಹಿನೀರಿನಲ್ಲಿ ತೊಳೆಯಬೇಕು. ಹತ್ತು ನಿಮಿಷಕ್ಕಿಂತ ತುಂಬ ಹೆಚ್ಚು ಬಿಟ್ಟರೆ ತಳದಲ್ಲಿ ಒತ್ತೊತ್ತಾಗಿ ಸೇರಿದವು ಉಸಿರುಗಟ್ಟುತ್ತವೆ. ಕೆಲವು ಅಗ್ಗದ ಶಂಕುಗಳ ನಲ್ಲಿ ತಳದಿಂದ ಒಂದು ಸೆಂ.ಮೀ. ಮೇಲಿರುತ್ತದೆ, ಆ ಒಂದು ಸೆಂ.ಮೀ. ಜಾಗದಲ್ಲಿ ಒಡೆಯದ ಮೊಟ್ಟೆಯೂ ಜೀವಿಗಳೂ ಕಲಸಿಕೊಂಡು ಬೇರೆ ಮಾಡಲು ಬರುವುದಿಲ್ಲ. ಕೊಳ್ಳುವ ಮೊದಲು ನೋಡಬೇಕಾದ ಭಾಗ ಆ ನಲ್ಲಿಯೇ.

ಯಾವುದು ಮೇಲು? ಒಂದೆರಡು ಗುಂಪು ಮರಿಗೆ ತಟ್ಟೆ. ಮೂರು ಟ್ಯಾಂಕ್ ಒಟ್ಟಿಗೆ ನಡೆಸುವವರಿಗೆ ಎರಡು ಶಂಕು, ಇವತ್ತೊಂದು ನಾಳೆಯೊಂದು ಎಂದು ಸರದಿಯಲ್ಲಿ. ಆರ್ಟೀಮಿಯಾ ಹುಟ್ಟುವಾಗ ಜೊತೆಗೆ ತಂದ ಹಳದಿ ಭಂಡಾರ ಒಂದು ದಿನದಲ್ಲಿ ಕರಗಿಹೋಗುತ್ತದೆ, ಹಳೆಯದಾದಷ್ಟೂ ಅದು ಬರಿಯ ಸಿಪ್ಪೆಗೆ ಸಮ. ಒಡೆದ ಕೂಡಲೇ ತೊಳೆದು ಉಪ್ಪುನೀರಿನಲ್ಲಿ ಫ್ರಿಜ್ಜಿನಲ್ಲಿಟ್ಟರೆ ಸತ್ವ ಕುಂದುವ ವೇಗ ತಗ್ಗುತ್ತದೆ, ಒಂದು ದಿನದ ಮಟ್ಟಿಗೆ ಕೆಲಸ ಸಾಗುತ್ತದೆ.

ಊಟ ಸರಿಯಾಯಿತೇ ಎಂದು ತಿಳಿಯಲು ಮರಿಯ ಹೊಟ್ಟೆ ನೋಡಿ. ಕೊಟ್ಟ ಹದಿನೈದು ನಿಮಿಷಕ್ಕೆ ಪಾರದರ್ಶಕ ಮೈಯೊಳಗೆ ಸಾಸಿವೆಗಿಂತ ಚಿಕ್ಕದಾದ ಕಿತ್ತಳೆ ಗುಂಡು ಹೊಳೆಯಬೇಕು. ಹೊಳೆಯುತ್ತಿದ್ದರೆ ಸಾಕು, ನಿಲ್ಲಿಸಿ. ಆರ್ಟೀಮಿಯಾ ಸಿಹಿನೀರಿನಲ್ಲಿ ಬದುಕುವುದು ಕೆಲವೇ ಗಂಟೆ. ಮಿಕ್ಕಿದ್ದು ಸತ್ತು ತಳ ಸೇರುತ್ತದೆ, ಅದರ ಬೆನ್ನಿಗೇ ಗಾಜಿನ ಮೇಲೆ ಹೈಡ್ರಾ, ಚಪ್ಪಟೆಹುಳು ಕಾಣಿಸಿಕೊಳ್ಳುತ್ತವೆ. ಹೈಡ್ರಾ ತನ್ನ ಎಳೆಗಳಿಂದ ಸಣ್ಣ ಮರಿಯನ್ನೇ ಹಿಡಿದು ತಿನ್ನಬಲ್ಲದು. ದಿನಕ್ಕೊಮ್ಮೆ ಸುರಿದು ಕೈ ತೊಳೆದುಕೊಳ್ಳುವುದಕ್ಕಿಂತ ಮೂರು ಸಲ ಚಿಟಿಕೆ ಚಿಟಿಕೆ ಕೊಡುವುದು ವಾಸಿ.

ರ‍್ಯಾಮ್ (ಇದೂ ಒಂದು ಡ್ವಾರ್ಫ್ ಸಿಕ್ಲಿಡ್ಡೇ) ಸಾಕುವವರಿಗೆ ಒಂದು ಎಚ್ಚರಿಕೆ. ರ‍್ಯಾಮ್ ಮರಿ ಅಪಿಸ್ಟೊ ಮರಿಗಿಂತ ಸಣ್ಣದು, ಮೊದಲ ಮೂರ್ನಾಲ್ಕು ದಿನ ಹಲವಕ್ಕೆ ಆರ್ಟೀಮಿಯಾ ಬಾಯಿಗೆ ಹಿಡಿಸುವುದಿಲ್ಲ. ಆ ದಿನಗಳಿಗೆ ವಿನೆಗರ್ ಹುಳು ಬೇಕು. ಸೇಬಿನ ವಿನೆಗರ್ ಮತ್ತು ನೀರು ಸಮಪಾಲು, ಒಂದು ಸೇಬಿನ ಹೋಳು, ಹುಳು ಇರುವ ಹಳೆಯ ಬಾಟಲಿಯಿಂದ ಒಂದು ಚಮಚ. ಬಾಟಲಿಯನ್ನು ಮೂಲೆಗಿಟ್ಟು ತಿಂಗಳು ಮರೆತರೂ ನಡೆಯುತ್ತದೆ. ಮರಿಗೆ ಕೊಡುವ ಇನ್ನೊಂದು ಸಣ್ಣ ಹುಳು ಮೈಕ್ರೊವರ್ಮ್ ತಳಕ್ಕೆ ಬೀಳುತ್ತದೆ. ವಿನೆಗರ್ ಹುಳು ನೀರಿನ ಮಧ್ಯದಲ್ಲೇ ಈಜಾಡುತ್ತ ದಿನಗಟ್ಟಲೆ ಬದುಕಿರುತ್ತದೆ. ರ‍್ಯಾಮ್ ಮರಿಗೆ ಬೇಕಾದ್ದು ಅದೇ.

ಗೂಡು

ಅಂಗಡಿಯ ಸಿರಾಮಿಕ್ ಗುಹೆ, ತೆಂಗಿನ ಚಿಪ್ಪು, ತಲೆಕೆಳಗಾದ ಮಣ್ಣಿನ ಕುಂಡ, ಮುರುಕು ಪೈಪು. ಹೆಣ್ಣು ಅಪಿಸ್ಟೊಗೆ ಇವುಗಳ ನಡುವೆ ಭೇದವಿಲ್ಲ, ಆದ್ದರಿಂದ ದುಬಾರಿ ಗುಹೆಗೆ ದುಡ್ಡು ಸುರಿಯುವ ಅಗತ್ಯ ನಮಗೆ ಕಾಣದು. ಅವಳು ನೋಡುವುದು ಬಾಗಿಲ ಗಾತ್ರವನ್ನು. ಎರಡೂವರೆಯಿಂದ ಮೂರು ಸೆಂ.ಮೀ. ಬಾಗಿಲಿದ್ದರೆ ಅವಳು ಸಲೀಸಾಗಿ ನುಗ್ಗುತ್ತಾಳೆ, ಉದ್ದ ರೆಕ್ಕೆಯ ಗಂಡು ತಿಣುಕಬೇಕು. ಐದು ಸೆಂ.ಮೀ. ಬಾಯಿಯ ಸಿರಾಮಿಕ್ ಗುಹೆಗಳು ಕ್ಯಾಟ್‌ಫಿಶ್‌ಗಾಗಿ ಮಾಡಿದಂಥವು; ಅವುಗಳಲ್ಲಿ ಹೆಣ್ಣು ದಿನವಿಡೀ ಮರಳು ಎಳೆದು ಬಾಗಿಲು ಕಿರಿದು ಮಾಡುವುದರಲ್ಲೇ ಇರುತ್ತಾಳೆ. ಬಾಗಿಲು ನಿಮ್ಮ ಕಡೆಗೆ ಓರೆಯಾಗಿರಲಿ. ಮೊಟ್ಟೆ ಇರುವುದು ಗೂಡಿನ ಸೂರಿನಲ್ಲಿ, ತುಕ್ಕಿನ ಕೆಂಪು ಬಣ್ಣದ ಸಣ್ಣ ಕಾಳುಗಳಂತೆ ನೇತುಬಿದ್ದು. ಟಾರ್ಚ್ ಹಿಡಿದರೆ ಕಾಣಬೇಕು. ಗೂಡನ್ನು ಎತ್ತಿ ನೋಡುವ ಚಪಲ ಬೇಡ. ಒಂದು ಜೋಡಿಗೆ ಎರಡು ಗೂಡು, ಒಂದು ಗಂಡಿಗೆ ಮೂರು ಹೆಣ್ಣಾದರೆ ನಾಲ್ಕು ಗೂಡು ಮತ್ತು ಇನ್ನೂ ದೊಡ್ಡ ಟ್ಯಾಂಕ್.

ಮೊಟ್ಟೆ ಇಟ್ಟ ಹೆಣ್ಣು ಉಜ್ವಲ ಹಳದಿಗೆ ತಿರುಗಿ, ಕಪ್ಪು ಗೀಟು ಎದ್ದು ಕಾಣುವಂತಾಗಿ, ತನಗಿಂತ ದೊಡ್ಡದಾದ ಗಂಡನ್ನೇ ಅಟ್ಟುತ್ತಾಳೆ. ಈ 60 ಸೆಂ.ಮೀ. ಟ್ಯಾಂಕಿನಲ್ಲಿ ಗಂಡಿಗೆ ಓಡಲು ಜಾಗವಿಲ್ಲ. ಅವನ ರೆಕ್ಕೆ ಹರಿದಿದ್ದರೆ, ಮೇಲಿನ ಮೂಲೆಯಲ್ಲಿ ಮುದುಡಿ ನಿಂತಿದ್ದರೆ ಅಂದೇ ಬೇರೆ ಟ್ಯಾಂಕಿಗೆ ಹಾಕಿ. ಕ್ರಿಬೆನ್ಸಿಸ್ ಮಾತು ಬೇರೆ, ಅಲ್ಲಿ ಅಪ್ಪ ಅಮ್ಮ ಇಬ್ಬರೂ ಕಾಯುತ್ತಾರೆ. ಅವನನ್ನು ತೆಗೆದರೆ ಸಂಸಾರ ಕೆಡಬಹುದು.

ಬ್ರೀಡಿಂಗ್ ಬಾಕ್ಸ್

ಟ್ಯಾಂಕಿನೊಳಗೆ ತೂಗುಹಾಕುವ ಪ್ಲಾಸ್ಟಿಕ್ ಅಥವಾ ಬಲೆಯ ಪೆಟ್ಟಿಗೆ. ಮರಿ ಹಾಕುವ ಗಪ್ಪಿಗೆ ಹೇಳಿಮಾಡಿಸಿದ್ದು, ಸಿಕ್ಲಿಡ್‌ಗೆ ಬೇಡ. ಅಪಿಸ್ಟೊ ತಾಯಿ ಮರಿಗಳನ್ನು ಮೇಯಿಸುವುದನ್ನು ನೋಡಿದವರು ಪೆಟ್ಟಿಗೆ ಕೊಳ್ಳಲಾರರು: ಅವಳು ಎಲೆಯಿಂದ ಎಲೆಗೆ ಗುಂಪನ್ನು ಕರೆದೊಯ್ಯುತ್ತಾಳೆ, ಅಪಾಯ ಕಂಡರೆ ಮೈಯನ್ನು ಒಮ್ಮೆ ಝಾಡಿಸುತ್ತಾಳೆ, ಕಣ್ಣೆವೆ ಇಕ್ಕುವಷ್ಟರಲ್ಲಿ ಎಲ್ಲ ಮರಿಗಳೂ ತಳಕ್ಕಿಳಿದು ಕಲ್ಲಿನಂತೆ ನಿಲ್ಲುತ್ತವೆ. ಕತ್ತಲಾಗುವಾಗ ಚೆದುರಿದವನ್ನು ಬಾಯಲ್ಲಿ ಎತ್ತಿ ತಂದು ಗೂಡಿಗೆ ಉಗಿಯುತ್ತಾಳೆ. ಮೊದಲ ಸಲ ನೋಡಿದವರಿಗೆ ತಿನ್ನುತ್ತಿದ್ದಾಳೆಂದೇ ಅನಿಸುವುದು, ಆ ಗಾಬರಿಯಲ್ಲೇ ಪೆಟ್ಟಿಗೆ ಮಾರಾಟವಾಗುವುದು. ಪೆಟ್ಟಿಗೆಯೊಳಗೆ ಮೇಯಲು ಮೇಲ್ಮೈ ಇಲ್ಲ, ನೀರಿನ ಓಡಾಟ ಸಾಲದು, ಮೂಲೆಯಲ್ಲಿ ಸತ್ತ ಆರ್ಟೀಮಿಯಾ ಕೂರುತ್ತದೆ.

ತಾಯಿ ಮೊಟ್ಟೆಯನ್ನು ನಿಜವಾಗಿಯೂ ತಿಂದರೆ? ಮೊದಲ ಒಂದೆರಡು ಸಲ ಎಳೆಯ ಜೋಡಿಗಳು ತಿನ್ನುವುದುಂಟು. ಬಿಟ್ಟುಬಿಡಿ, ಎರಡು ಮೂರು ವಾರದಲ್ಲಿ ಮತ್ತೆ ಇಡುತ್ತವೆ. ನಾಲ್ಕೈದು ಸಲವೂ ತಿಂದರೆ ಗೂಡನ್ನು ನೀರಿನಿಂದ ಹೊರಗೆತ್ತದೆ ಡಬ್ಬದೊಳಗೆ ಜಾರಿಸಿ, ಅದೇ ಟ್ಯಾಂಕಿನ ನೀರಿನಲ್ಲಿ, ಮೊಟ್ಟೆಗೆ ನೇರವಾಗಿ ತಾಕದಂತೆ ಪಕ್ಕದಲ್ಲಿ ಏರ್ ಸ್ಟೋನ್ ಇಟ್ಟು ಒಡೆಸಬಹುದು. ನೀರು ತಿಳಿನೀಲಿಯಾಗುವಷ್ಟು ಮಿಥಿಲೀನ್ ಬ್ಲೂ ಹಾಕಿದರೆ ಬೂಸ್ಟು ಹರಡುವುದಿಲ್ಲ. ಬಿಳಿಯಾದ ಮೊಟ್ಟೆ ಸತ್ತದ್ದು, ಅದನ್ನು ಪಿಪೆಟ್ಟಿನಿಂದ ತೆಗೆಯುತ್ತಿರಬೇಕು. 26 ಡಿಗ್ರಿಯಲ್ಲಿ ಮೂರು ನಾಲ್ಕು ದಿನಕ್ಕೆ ಒಡೆದು, ಇನ್ನೂ ನಾಲ್ಕೈದು ದಿನಕ್ಕೆ ಈಜುತ್ತವೆ. ಒಡೆದ ಕೂಡಲೇ ಊಟ ಹಾಕಬೇಡಿ, ಹೊಟ್ಟೆಯ ಹಳದಿ ಚೀಲ ಕರಗುವವರೆಗೆ ಅವಕ್ಕೆ ಅದೇ ಊಟ.

ನೀರಿನ ಬಾಟಲಿಗಳೂ ಆರ್‌ಒ ಯಂತ್ರವೂ

ಇಲ್ಲಿಯೇ ಹೆಚ್ಚು ದುಡ್ಡು ಪೋಲಾಗುವುದು. ‘ಪಿಎಚ್ ಇಳಿಸುವ’ ಪುಡಿ ಮತ್ತು ದ್ರಾವಣಗಳು ಡ್ವಾರ್ಫ್ ಸಿಕ್ಲಿಡ್ ಸಾಕುವವರನ್ನೇ ಗುರಿ ಮಾಡಿಕೊಂಡಿವೆ. ಗಡಸು ನೀರಿನಲ್ಲಿ ಕಾರ್ಬೊನೇಟ್ ಇರುವವರೆಗೆ ಅದು ಆಮ್ಲವನ್ನು ನುಂಗುತ್ತಲೇ ಇರುತ್ತದೆ. ಸಂಜೆ 6.5 ತೋರಿಸಿದ ನೀರು ಮಾರನೇ ದಿನ ಮತ್ತೆ 7.6. ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ. ಸಾಲದ್ದಕ್ಕೆ ಪುಡಿ ಹಾಕಿದಷ್ಟೂ ನೀರಿನಲ್ಲಿ ಕರಗಿದ ಲವಣ ಏರುತ್ತದೆ, ಮೀನಿಗೆ ಬೇಕಾದ್ದು ಅದರ ತದ್ವಿರುದ್ಧ. ಬ್ಲ್ಯಾಕ್‌ವಾಟರ್ (ಕೊಳೆತ ಎಲೆಗಳಿಂದ ಕಂದಾದ, ಮೆದು ನೀರಿನ) ನದಿಗಳಿಂದ ಬಂದ ಅಪಿಸ್ಟೊಗಳ ಮೊಟ್ಟೆ ಬಿಳಿಯಾಗುವುದಕ್ಕೆ ಮುಖ್ಯ ಕಾರಣ ಗಡಸುತನ. ಪಿಎಚ್ ಅಂಕೆಯೊಂದನ್ನೇ ಇಳಿಸಿ ಉಪಯೋಗವಿಲ್ಲ. ಈ ಪುಡಿಗೆ ಸೊನ್ನೆ ಅಂಕ.

ಒಣ ಕಾಡುಬಾದಾಮಿ ಎಲೆಗೆ ಪೂರ್ತಿ ಅಂಕ, ಆದರೆ ಪೊಟ್ಟಣದ ಮೇಲೆ ಬರೆದಿರುವ ಕಾರಣಕ್ಕಲ್ಲ. ಪಿಎಚ್ ಇಳಿಸುವ ಶಕ್ತಿ ಗಡಸು ನೀರಿನಲ್ಲಿ ಅದಕ್ಕೂ ಇಲ್ಲ. 45 ಲೀಟರಿಗೆ ಒಂದೆರಡು ಎಲೆ ಹಾಕಿದರೆ ವಾರದಲ್ಲಿ ಮೆತ್ತಗಾಗಿ ಲೋಳೆ ಕಟ್ಟುತ್ತದೆ. ಆ ಲೋಳೆಯಲ್ಲಿ ಮರಿ ಮೇಯುತ್ತದೆ, ಎಲೆಯಡಿಯಲ್ಲಿ ಅಡಗುತ್ತದೆ. ನಾಲ್ಕನೇ ವಾರಕ್ಕೆ ನರ ಮಾತ್ರ ಉಳಿದಾಗ ಹೊಸದನ್ನು ಹಾಕಿ, ಹಳೆಯದನ್ನು ಹಾಗೇ ಬಿಡಬಹುದು. ಬಾಟಲಿಯಲ್ಲಿ ಬರುವ ಬ್ಲ್ಯಾಕ್‌ವಾಟರ್ ಸಾರ ಬಣ್ಣವನ್ನಂತೂ ಕೊಡುತ್ತದೆ, ಮೇವು ಕೊಡುವುದಿಲ್ಲ. ಎಲೆ ಇರುವಾಗ ಸಾರಕ್ಕೇಕೆ ಕೈ ಹಾಕಬೇಕು?

ನೀರು ಮೆದು ಮಾಡಲು ನೆಟ್ಟಗಿನ ದಾರಿ ಆರ್‌ಒ. ನಾಲ್ಕು ನೂರು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ನೀರಿರುವವರು ಒಂದು ಪಾಲು ನಲ್ಲಿ ನೀರಿಗೆ ಮೂರು ಪಾಲು ಆರ್‌ಒ ಬೆರೆಸಿದರೆ ನೂರರ ಸುತ್ತಮುತ್ತ ಬರುತ್ತದೆ. ಕಾಕಟೂ, ಬೊರೆಲ್ಲಿ, ಕ್ರಿಬೆನ್ಸಿಸ್‌ಗೆ ಇಷ್ಟು ಧಾರಾಳ. ಅಗಾಸಿಜಿಯಂಥ ಅಪಿಸ್ಟೊಗಳಿಗೆ ಇನ್ನೂ ಇಳಿಸಬೇಕು. ಬರಿಯ ಆರ್‌ಒ ನೀರನ್ನೇ ತುಂಬಿದರೆ ಕಾರ್ಬೊನೇಟ್ ಒಂದಿಷ್ಟೂ ಇಲ್ಲದೆ ಪಿಎಚ್ ಯಾವಾಗ ಕುಸಿಯುತ್ತದೋ ಹೇಳಲಾಗದು. ಯಂತ್ರದ ದುರ್ಬಲ ಜಾಗ ಮೆಂಬ್ರೇನಿನ ಮುಂದಿರುವ ಕಾರ್ಬನ್ ಫಿಲ್ಟರ್. ಅದು ಸವೆದರೆ ಕ್ಲೋರಿನ್ ನೇರವಾಗಿ ಮೆಂಬ್ರೇನನ್ನು ತಿನ್ನುತ್ತದೆ, ಟಿಡಿಎಸ್ ಮೀಟರ್ ವಾರಕ್ಕೆ ವಾರ ಏರುತ್ತ ಹೋಗುತ್ತದೆ. ಮೀಟರ್ ಇಲ್ಲದೆ ಆರ್‌ಒ ಕೊಳ್ಳುವುದು ಕಣ್ಣು ಕಟ್ಟಿಕೊಂಡು ಗಾಡಿ ಓಡಿಸಿದ ಹಾಗೆ.

ಮೆದು ಆಮ್ಲೀಯ ನೀರಿನಲ್ಲಿ ಒಂದು ಬಲೆಯೂ ಇದೆ. ಪಿಎಚ್ 6ಕ್ಕಿಂತ ಕೆಳಗೆ ಫಿಲ್ಟರಿನ ಬ್ಯಾಕ್ಟೀರಿಯಾ ಮಂದವಾಗುತ್ತದೆ, ಅಮೋನಿಯಾ ಹೆಚ್ಚುಕಡಿಮೆ ಪೂರ್ತಿ ಅಮೋನಿಯಂ ರೂಪದಲ್ಲಿ ಉಳಿದು ಮರಿಗೆ ಅಷ್ಟಾಗಿ ಹಾನಿ ಮಾಡದೆ ಸಂಗ್ರಹವಾಗುತ್ತದೆ. ಟ್ಯಾಂಕ್ ಕೊಳೆಯಾಗಿದೆ ಎಂದು ಅರ್ಧ ನೀರು ತೆಗೆದು ಪಿಎಚ್ 7.8ರ ನಲ್ಲಿ ನೀರು ತುಂಬಿದ ಗಳಿಗೆಯಲ್ಲಿ ಅದರಲ್ಲಿ ಒಂದು ಪಾಲು ವಿಷಕಾರಿ ಅಮೋನಿಯಾ ಆಗುತ್ತದೆ. ನೀರು ಬದಲಿಸಿದ ಮರುದಿನ ಮರಿಯೆಲ್ಲ ಸತ್ತ ಪ್ರಕರಣಗಳ ಹಿಂದೆ ಹಲವು ಸಲ ಇದೇ ಇರುತ್ತದೆ. ದಿನಕ್ಕೆ ಹತ್ತನೇ ಒಂದು ಪಾಲು, ಅದೇ ಟಿಡಿಎಸ್, ಅದೇ ಉಷ್ಣಾಂಶದ ನೀರು, ಏರ್ ನಳಿಕೆಯಿಂದ ತೊಟ್ಟು ತೊಟ್ಟಾಗಿ. ಇಷ್ಟು ಪಾಲಿಸಿದರೆ ಆ ಬಲೆಗೆ ಬೀಳುವುದಿಲ್ಲ.

ಹೀಟರ್

45 ಲೀಟರಿಗೆ 50 ವ್ಯಾಟ್ ಸಾಕು. ಇದ್ದರೆ ಇರಲಿ ಎಂದು 200 ವ್ಯಾಟಿನದು ಹಾಕಿದವರಿಗೆ, ಥರ್ಮೊಸ್ಟಾಟ್ ಆನ್ ಆದಲ್ಲೇ ಅಂಟಿಕೊಂಡ ದಿನ ಬುದ್ಧಿ ಬರುತ್ತದೆ. ಸಣ್ಣ ಹೀಟರ್ ಅಂಟಿಕೊಂಡರೂ ನೀರು ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಯಾರಾದರೂ ನೋಡುವ ಸಂಭವವಿದೆ. ಗುಂಡಿಯ ಮೇಲಿನ ಅಂಕೆಯನ್ನು ನಂಬಬೇಡಿ; ಒಂದೆರಡು ಡಿಗ್ರಿ ಆಚೀಚೆ ಇರುವುದು ಸಾಮಾನ್ಯ. ಬೇರೆಯದೇ ಥರ್ಮಾಮೀಟರ್ ಇಟ್ಟು ಹೊಂದಿಸಿ.

ಆ ಒಂದೆರಡು ಡಿಗ್ರಿ ಅಪಿಸ್ಟೊ ವಿಷಯದಲ್ಲಿ ಸಣ್ಣ ಮಾತಲ್ಲ. ಯುವೆ ರೋಮರ್ ಮತ್ತು ವೋಲ್ಫ್‌ಗಾಂಗ್ ಬೈಸೆನ್‌ಹರ್ಟ್ಸ್ 1996ರಲ್ಲಿ ಪ್ರಕಟಿಸಿದ ಕೆಲಸದಿಂದ ಹವ್ಯಾಸಿಗಳಿಗೆಲ್ಲ ತಿಳಿದ ಸಂಗತಿ: ಅಪಿಸ್ಟೊಗ್ರಾಮಾ ಮರಿಗಳ ಲಿಂಗವನ್ನು ಎಳೆತನದ ಉಷ್ಣಾಂಶ ಪ್ರಭಾವಿಸುತ್ತದೆ, ನೀರು ಬಿಸಿಯಾದಷ್ಟೂ ಗಂಡು ಹೆಚ್ಚು. ಕೆಲವು ಜಾತಿಗಳಲ್ಲಿ ಪಿಎಚ್‌ಗೂ ಪಾತ್ರವಿದೆ. ಕ್ರಿಬೆನ್ಸಿಸ್‌ನಲ್ಲಿ ಆಮ್ಲೀಯ ನೀರು ಗಂಡುಗಳನ್ನು ಹೆಚ್ಚಿಸುತ್ತದೆ. ಮರಿಗಳೆಲ್ಲ ಬೇಗ ಬೆಳೆಯಲಿ ಎಂದು 29-30 ಡಿಗ್ರಿಯಲ್ಲಿ ಇಟ್ಟವರ ಟ್ಯಾಂಕಿನಲ್ಲಿ ನಾಲ್ಕು ತಿಂಗಳ ಮೇಲೆ ಗಂಡುಗಳ ದಂಡೇ ಇರುತ್ತದೆ, ಜೋಡಿ ಮಾಡಲು ಹೆಣ್ಣಿಲ್ಲ. 25-26ರಲ್ಲಿ ಇಡಿ. ರ‍್ಯಾಮ್ ಮಾತ್ರ ಇದಕ್ಕೆ ಹೊರತು. ಅದು 28-29 ಡಿಗ್ರಿಯ ಬೆಚ್ಚನೆಯ ನೀರಿನ ಮೀನು, ತಣ್ಣಗಾದರೆ ಊಟ ಬಿಟ್ಟು ರೋಗಕ್ಕೆ ತುತ್ತಾಗುತ್ತದೆ.

ಕೊನೆಯದಾಗಿ, ಯಾವ ಡಬ್ಬದಲ್ಲೂ ಬರದ ಒಂದು ಸಾಮಾನು: ಒಂದು ಮೀಟರ್ ಏರ್ ನಳಿಕೆ, ಅದರ ತುದಿಗೆ ಸಿಕ್ಕಿಸಿದ ಒಂದು ಗೇಣು ಗಟ್ಟಿ ಪ್ಲಾಸ್ಟಿಕ್ ಕಡ್ಡಿ. ತಳದ ಸತ್ತ ಆರ್ಟೀಮಿಯಾ ಎಳೆಯಲು ಅಂಗಡಿಯ ದೊಡ್ಡ ಗ್ರಾವೆಲ್ ಕ್ಲೀನರ್ ಮರಿ ಟ್ಯಾಂಕಿಗೆ ಬಲು ಒರಟು. ಈ ಸಣ್ಣ ನಳಿಕೆ ನಿಧಾನವಾಗಿ ಎಳೆಯುತ್ತದೆ, ಮರಿ ಹತ್ತಿರ ಬಂದರೆ ಹೆಬ್ಬೆರಳಿನಿಂದ ಒತ್ತಿ ನಿಲ್ಲಿಸಬಹುದು. ನೀರನ್ನು ಬಿಳಿ ಬಕೆಟ್ಟಿಗೆ ಇಳಿಸಿ, ಅರ್ಧ ಗಂಟೆ ಹಾಗೇ ಬಿಡಿ. ಕೊಳೆ ತಳಕ್ಕೆ ಕೂತ ಮೇಲೆ ಅದರ ಮೇಲ್ಗಡೆ ಎರಡು ಕಣ್ಣಿನ ಒಂದು ಸಣ್ಣ ಗೀಟು ಮಿಸುಕುತ್ತಿದ್ದರೆ ಅದು ಮರಿ. ಚಮಚದಿಂದ ಎತ್ತಿ ವಾಪಸ್ಸು ಹಾಕಿ, ಆಮೇಲೆ ಬಕೆಟ್ ಚೆಲ್ಲಿ.